ಕೇಳದೆ ಉಳಿದ ಕೆಂಡ

ನಮ್ಮ ಮನೆಯ ದೊಡ್ಡ ಜಗಳ ಶುರುವಾದದ್ದು ಯಾರೂ ಜಗಳವಾಡದ ಒಂದು ದಿನ. ಬೈಗುಳವಿರಲಿಲ್ಲ, ಪಾತ್ರೆ ಎಸೆಯಲಿಲ್ಲ, ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಲಿಲ್ಲ. ಎಲ್ಲರೂ ತಲೆಗೆ ಎರೆದುಕೊಂಡು, ಒಗೆದ ಬಟ್ಟೆ ಉಟ್ಟುಕೊಂಡು, ಒಳ್ಳೆಯ ಮನಸ್ಸಿನಲ್ಲೇ ಇದ್ದರು. ಅದಕ್ಕೇ ಇರಬೇಕು, ಅದನ್ನು ಬಗೆಹರಿಸಲು ಯಾರಿಂದಲೂ ಆಗಲಿಲ್ಲ. ಬೈದಾಡಿಕೊಂಡಿದ್ದರೆ ಮಾರನೇ ದಿನ ಯಾರಾದರೊಬ್ಬರು ತಪ್ಪಾಯ್ತು ಅನ್ನಬಹುದಿತ್ತು. ಆಡದೇ ಇದ್ದ ಮಾತಿಗೆ ಯಾರು ತಪ್ಪೊಪ್ಪಿಕೊಳ್ಳಬೇಕು? ಈ ವಯಸ್ಸಿನಲ್ಲೂ ನನಗೆ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮೂರು ಕೆ.ಆರ್. ಪುರದ ಆಚೆ, ಮಂಗಳವಾರದ ಸಂತೆಗೆ ನಡೆದು ಹೋಗಿ ಬರುವಷ್ಟು ದೂರದಲ್ಲಿತ್ತು. ಈಗ ಅದು ಬಸ್ ಸ್ಟಾಪಿನ ಹೆಸರಾಗಿ ಮಾತ್ರ ಉಳಿದಿದೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಒಂದು ಕೆರೆ, ಕೆರೆಯ ಕೆಳಗೆ ಸೊಪ್ಪಿನ ಮಡಿಗಳು, ಮೇಲೆ ರಾಗಿ ಹೊಲ, ಹೊಲದ ಬದುವಿನಲ್ಲಿ ಅವರೆ ಸಾಲು ಇದ್ದವು. ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ, ಬೆಳಗಿನ ಮೊದಲ ಬಸ್ಸಿನ ಮೇಲೆ ಸೊಪ್ಪಿನ ಮೂಟೆ ಏರಿಸಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಬರುವಾಗ ಅಲ್ಲಿನ ಬೇಕರಿಯ ಬನ್ನು ತರುತ್ತಿದ್ದರು. ಅದಕ್ಕೆ ಕೊತ್ತಂಬರಿ ಸೊಪ್ಪಿನ ವಾಸನೆ ಹತ್ತಿರುತ್ತಿತ್ತು. ಅಪ್ಪ ಹೊಲದ ಕೆಲಸ ಬಿಟ್ಟು ಹೊಸ ತಿಪ್ಪಸಂದ್ರದ ಕಡೆ ಒಂದು ಕಾರ್ಖಾನೆಗೆ ಸೇರಿದ್ದರು. ಶಿಫ್ಟು ಬದಲಾದಾಗೆಲ್ಲ ನಮ್ಮ ಮನೆಯ ಊಟದ ಹೊತ್ತೂ ಅಡ್ಡಾದಿಡ್ಡಿಯಾಗುತ್ತಿತ್ತು. ಅಣ್ಣ ತಮ್ಮಂದಿರು ಇದ್ದದ್ದು ಒಂದೇ ಮನೆಯಲ್ಲಿ. ಮುಂದೆ ಜಗಲಿ, ಒಳಗೆ ಪಡಸಾಲೆ, ಪಡಸಾಲೆಯ ಒಂದು ಮಗ್ಗುಲಲ್ಲೇ ಹಸು ಕಟ್ಟುವ ಜಾಗ, ಆಮೇಲೆ ನಡುಮನೆ, ಅದರಾಚೆ ಅಡುಗೆಮನೆ. ನಡುಮನೆಯ ಇನ್ನೊಂದು ಬಾಗಿಲು ತೆರೆದರೆ ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ವಾಡೆಗಳಿದ್ದ ಕೋಣೆ. ನಾವದನ್ನು ವಾಡೆ ಕೋಣೆ ಅನ್ನುತ್ತಿದ್ದೆವು. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಆ ಕೋಣೆಯಲ್ಲಿ ನಾನು ವಾಡೆಯ ಹಿಂದೆ ಅಡಗಿ ಕೂತು ಹಾಗೇ ನಿದ್ದೆಹೋದದ್ದುಂಟು.

ಅಡುಗೆಮನೆ ದೊಡ್ಡಮ್ಮನದು. ಅವಳ ಒಬ್ಬಳೇ ಮಗಳು ಮದುವೆಯಾಗಿ ಹೊಸಕೋಟೆಯ ಕಡೆ ಹೋದ ಮೇಲೆ ಅವಳ ಪ್ರೀತಿಯಷ್ಟೂ ನನ್ನ ತಲೆಗೆ ಬಿತ್ತು. ನನಗೆ ಎಣ್ಣೆ ಹಚ್ಚಿ, ಬಾಚಿ, ಹೇನು ಹುಡುಕಿ, ಒಂದು ಗುದ್ದೂ ಕೊಟ್ಟು ಶಾಲೆಗೆ ಕಳಿಸುತ್ತಿದ್ದವಳು ಅವಳೇ. ಅವಳ ಒಲೆ ಆರುತ್ತಿರಲಿಲ್ಲ. ಮಲಗುವ ಮುಂಚೆ ಕೆಂಡದ ಮೇಲೆ ಬೂದಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಬೂದಿ ಕೆದರಿ, ಊದುಗೊಳವೆಯಲ್ಲಿ ಊದಿ, ತೆಂಗಿನ ಗರಿ ಇಟ್ಟರೆ ಮತ್ತೆ ಹತ್ತಿಕೊಳ್ಳುತ್ತಿತ್ತು. ತನ್ನ ಅತ್ತೆ ಕೊಟ್ಟುಹೋದ ಬೆಂಕಿ, ಕಡ್ಡಿ ಗೀರಿ ಹಚ್ಚಿದ್ದಲ್ಲ ಎಂದು ಅವಳಿಗೆ ಜಂಬ. ಅಕ್ಕಪಕ್ಕದ ಹುಡುಗಿಯರು ಒಣಗಿದ ಬೆರಣಿ ಹಿಡಿದುಕೊಂಡು ಕೆಂಡ ಕೇಳಲು ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ.

ಅಮ್ಮ ಹಲಸೂರಿನವಳು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಸೀಮೆಎಣ್ಣೆ ಸ್ಟೋವಿನ ಮನೆಯಲ್ಲಿ, ಸುತ್ತಲೂ ತಮಿಳು ಮಾತಾಡುವವರ ಮಧ್ಯೆ ಬೆಳೆದವಳು. ಮದುವೆಯಾಗಿ ಬಂದಾಗ ಅವಳಿಗೆ ಮುದ್ದೆ ತಿರುವಲು ಬರುತ್ತಿರಲಿಲ್ಲವಂತೆ. ದೊಡ್ಡಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ಅಮ್ಮ ಕವೆಗೋಲು ಒತ್ತಿ ಮಡಕೆ ಅಲ್ಲಾಡದಂತೆ ಹಿಡಿಯುವುದು, ದೊಡ್ಡಮ್ಮ ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವುವುದು. ಆ ಹೊತ್ತಿನಲ್ಲೇ ಅವರಿಬ್ಬರ ಮಾತೆಲ್ಲ ಆಗುತ್ತಿದ್ದದ್ದು. ಗಂಡಂದಿರನ್ನು ಆಡಿಕೊಂಡು ನಗುತ್ತಿದ್ದರು. ದೊಡ್ಡಪ್ಪ ನಡೆಯುವ ರೀತಿಯನ್ನು ಅಮ್ಮ ಅಣಕಿಸಿದರೆ ದೊಡ್ಡಮ್ಮ ಕೋಲು ಬಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತು, ಅರ್ಥವಾಗದಿದ್ದರೂ ನಗುತ್ತಿದ್ದೆ. ನನ್ನ ಬಾಲ್ಯದ ಯಾವುದನ್ನಾದರೂ ವಾಪಸ್ಸು ಕೊಡುತ್ತೇನೆ ಎಂದು ಯಾರಾದರೂ ಬಂದರೆ, ಆ ಹೊತ್ತನ್ನೇ ಕೇಳುತ್ತೇನೆ.

ಹೊಗೆ ಅಮ್ಮನಿಗೆ ಆಗಿಬರಲಿಲ್ಲ. ಅವಳ ಕಣ್ಣು ಕೆಂಪಗೆ ಊದಿಕೊಂಡು ಬೆಳಿಗ್ಗೆ ರೆಪ್ಪೆ ಅಂಟಿಕೊಂಡುಬಿಡುತ್ತಿತ್ತು. ಹಲಸೂರಿನ ಡಾಕ್ಟರು ಹೊಗೆಯಿಂದ ದೂರವಿರಬೇಕೆಂದು ಹೇಳಿ ಕಳಿಸಿದರು. ಹಳ್ಳಿಮನೆಯಲ್ಲಿ ಹೊಗೆಯಿಂದ ದೂರವಿರುವುದೆಂದರೆ ಊಟದಿಂದ ದೂರವಿದ್ದ ಹಾಗೆ. ಅಮ್ಮ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವಳು ದೊಡ್ಡಮ್ಮನೇ. ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಸಾರು ಬಡಿಸುತ್ತ ಹೇಳಿದಳು:

“ಸರೋಜ, ನಿನ್ ಕಣ್ಣೇ ಹೋದ್ಮೇಲೆ ಒಟ್ಗಿದ್ದು ಏನ್ ಮಾಡಾದು? ವಾಡೆ ಕೋಣೆ ಬಿಡ್ಸಿ ಕೊಡ್ತೀನಿ, ಅಲ್ಲಿ ಗ್ಯಾಸ್ ಹಾಕುಸ್ಕೊ. ಒಲೆ ಬ್ಯಾರೆ ಆದ್ರೆ ಮನೆ ಬ್ಯಾರೆ ಆಯ್ತದಾ?”

ಅಪ್ಪನಿಗೆ ಮುಜುಗರ, ಅಮ್ಮನಿಗೆ ಅಳು. ದೊಡ್ಡಪ್ಪ ತಲೆಯಾಡಿಸಿ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಅಷ್ಟರಲ್ಲಿ ತೀರ್ಮಾನವಾಯಿತು. ವಾಡೆಗಳನ್ನು ಪಡಸಾಲೆಗೆ ಉರುಳಿಸಿದರು, ಗೋಡೆಗೆ ಸುಣ್ಣ ಬಳಿದರು, ಹಿತ್ತಲ ಕಡೆಗೊಂದು ಬಾಗಿಲು ಇಟ್ಟರು, ಕಡಪಾ ಕಲ್ಲಿನ ಕಟ್ಟೆ ಹಾಕಿಸಿದರು. ಆ ಕೆಲಸದಲ್ಲಿ ಮಣ್ಣು ಹೊತ್ತವಳು ದೊಡ್ಡಮ್ಮ, ನೀರು ಸೇದಿದವಳು ಅಮ್ಮ. ಸಿಲಿಂಡರು ಟೆಂಪೋದಲ್ಲಿ ಬಂದಾಗ ಕೇರಿಯ ಮಕ್ಕಳೆಲ್ಲ ಹಿಂದೆ ಓಡಿ ಬಂದರು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಅಣ್ಣತಮ್ಮಂದಿರ ಒಲೆ ಬೇರೆಯಾದರೆ, ಹೊಸ ಒಲೆಯ ಮೊದಲ ಬೆಂಕಿ ಹಳೆಯ ಒಲೆಯಿಂದಲೇ ಹೋಗಬೇಕು. ಬೇರೆ ಹೋಗುವ ಸೊಸೆ ಹಿರಿಯ ಸೊಸೆಯ ಮುಂದೆ ನಿಂತು ಬೆಂಕಿ ಕೊಡಿ ಎಂದು ಕೇಳಬೇಕು. ಅವಳು ಹೊಸ ಕುಡಿಕೆಯಲ್ಲಿ ಕೆಂಡ ತುಂಬಿ ಕೊಟ್ಟು, ತಾನೂ ಹಿಂದೆ ಹೋಗಿ ಆ ಒಲೆಯಲ್ಲಿ ಹಾಲುಕ್ಕಿಸಬೇಕು. ಮನಸ್ಸಿನಲ್ಲಿ ಕಹಿ ಇಲ್ಲ, ಬೇರೆಯಾದರೂ ಒಂದೇ ಎಂದು ಊರಿಗೆ ತೋರಿಸುವ ರೀತಿ ಅದು. ಇದನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಆದರೆ ಗ್ಯಾಸಿಗೆ ಕೆಂಡ ಬೇಕಾಗುತ್ತದೆಂದು ಅವರಿಗೆ ಹೊಳೆಯಲಿಲ್ಲ.

ಆ ಶುಕ್ರವಾರ ಅಮ್ಮ ಸಿಲಿಂಡರಿನ ಸುತ್ತ ರಂಗೋಲಿ ಹಾಕಿ, ರೆಗ್ಯುಲೇಟರಿಗೆ ಕುಂಕುಮ ಇಟ್ಟಳು. ಹೊಸ ಪಾತ್ರೆಗೆ ಹಾಲು ಹಾಕಿ ಕಟ್ಟೆಯ ಮುಂದೆ ನಿಂತುಕೊಂಡಳು. ಭಾವ, ಅಕ್ಕ ಬರಲಿ ಎಂದು ಕಾದಳು. ಹೋಗಿ ಕುಂಕುಮ ಕೊಟ್ಟು ಕರೆದು ಬರಲಾ ಎಂದು ಅಪ್ಪನನ್ನು ಕೇಳಿದ್ದೂ ನನಗೆ ನೆನಪಿದೆ. ಅಪ್ಪ ನಕ್ಕುಬಿಟ್ಟರು.

“ಅವ್ರೇನ್ ನೆಂಟ್ರಾ, ಕುಂಕುಮ ಇಟ್ಟು ಕರೆಯೋಕೆ? ನಮ್ಮನೇರೇ ತಾನೆ. ಕರೆದ್ರೆ ಅತ್ತಿಗೆ ಬೇಜಾರ್ ಮಾಡ್ಕೋತಾರೆ. ಅವ್ರೇ ಬರ್ತಾರೆ ಇರು.”

ಬಾಗಿಲಿನ ಆ ಕಡೆ ದೊಡ್ಡಮ್ಮ ಹಸಿರು ಸೀರೆ ಉಟ್ಟು ಒಲೆಯ ಮುಂದೆ ಕೂತಿದ್ದಳು. ಸಂತೆಯಿಂದ ತಂದ ಹೊಸ ಕುಡಿಕೆ ಪಕ್ಕದಲ್ಲಿತ್ತು. ಒಳ್ಳೆಯ ಹುಣಸೆ ಕೊರಡಿನ ಕೆಂಡಗಳನ್ನು ಆರಿಸಿ ಒಂದು ಕಡೆ ಒಟ್ಟಿದ್ದಳು. ನಾನು ಆ ಕೋಣೆಯಿಂದ ಈ ಕೋಣೆಗೆ ಓಡಾಡುತ್ತಿದ್ದೆ. ಎರಡೂ ಕಡೆ ಹಬ್ಬದ ಹಾಗೆ ಇತ್ತು, ಎರಡೂ ಕಡೆ ಯಾರನ್ನೋ ಕಾಯುತ್ತಿದ್ದರು. ಕೊನೆಗೆ ಅಪ್ಪನ ಶಿಫ್ಟಿಗೆ ಹೊತ್ತಾಯಿತು. ಅಮ್ಮ ಲೈಟರ್ ಒತ್ತಿದಳು, ಹಾಲು ಉಕ್ಕಿತು. ಸಿಹಿ ಪೊಂಗಲ್ ಮಾಡಿ ಒಂದು ಬಟ್ಟಲು ತುಂಬಿ ನನ್ನ ಕೈಯಲ್ಲಿ ಕಳಿಸಿದಳು. ದೊಡ್ಡಮ್ಮ ಅದನ್ನು ತೆಗೆದುಕೊಂಡು ಗೂಡಿನಲ್ಲಿಟ್ಟಳು, ಬಾಯಿಗೆ ಹಾಕಲಿಲ್ಲ. ಸಂಜೆ ಚೆಲ್ಲಲು ಮನಸ್ಸು ಬಾರದೆ ಹಸುವಿಗೆ ಇಟ್ಟಳು. ಹಿತ್ತಲಿನಿಂದ ಪಡಸಾಲೆಗೆ ಬಂದ ಅಮ್ಮ ಕಂಡದ್ದು ಆ ಹಸು ಬಟ್ಟಲು ನೆಕ್ಕುತ್ತಿದ್ದುದನ್ನು.

ಅಲ್ಲಿಗೆ ಮುಗಿಯಿತು. ಮಾರನೇ ದಿನದಿಂದ ಮಾತು ಕಮ್ಮಿಯಾಯಿತು, ಆಮೇಲೆ ನಿಂತಿತು. ನಡುಮನೆಯ ಬಾಗಿಲಿಗೆ ಯಾರೂ ಬೀಗ ಹಾಕಲಿಲ್ಲ. ದೊಡ್ಡಮ್ಮ ತನ್ನ ಕಡೆಯಿಂದ ಒಂದು ರಾಗಿ ಚೀಲ ಒರಗಿಸಿದಳು, ಅಮ್ಮ ತನ್ನ ಕಡೆಯಿಂದ ಪಾತ್ರೆ ಸ್ಟ್ಯಾಂಡು ಇಟ್ಟಳು. ಇಬ್ಬರೂ ಜಾಗವಿಲ್ಲದ್ದಕ್ಕೆ ಇಟ್ಟದ್ದೆಂದು ಹೇಳುತ್ತಿದ್ದರು. ಗಂಡಸರು ಮಾತ್ರ ಎಂದಿನಂತೆ ಜಗಲಿಯಲ್ಲಿ ಒಟ್ಟಿಗೆ ಕೂತು ಬೀಡಿ ಸೇದುತ್ತ ಕೆರೆಯ ನೀರಿನ ಸುದ್ದಿ, ಲೇಔಟಿನ ಸುದ್ದಿ ಮಾತಾಡುತ್ತಿದ್ದರು. ಹೆಂಗಸರ ವಿಷಯಕ್ಕೆ ನಾವು ಯಾಕೆ ಬಾಯಿ ಹಾಕಬೇಕು ಎಂಬುದು ಇಬ್ಬರ ದೊಡ್ಡತನ. ಪದ್ಧತಿ ಗೊತ್ತಿದ್ದವರು ಅವರು, ಹೇಳದೆ ಸುಮ್ಮನಿದ್ದವರೂ ಅವರೇ. ಆ ದೊಡ್ಡತನದ ಮೇಲೆ ನನಗಿರುವಷ್ಟು ಸಿಟ್ಟು ಆ ಇಬ್ಬರು ಹೆಂಗಸರ ಹಟದ ಮೇಲೂ ಇಲ್ಲ.

ನನಗೆ ಯಾರೂ ಏನೂ ಕಟ್ಟಳೆ ಮಾಡಲಿಲ್ಲ. ಹಿತ್ತಲು ಸುತ್ತಿಕೊಂಡು ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆ, ಅವಳು ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು. ಆದರೆ ಸರಿಯಾಗಿ ಅದೇ ಹೊತ್ತಿಗೆ ಅಮ್ಮ ನನ್ನನ್ನು ಕೂಗಿ ಕರೆಯುತ್ತಿದ್ದಳು. ಒಂದು ಅಡುಗೆಮನೆಯಲ್ಲಿ ತಿಂದದ್ದನ್ನು ಇನ್ನೊಂದು ಅಡುಗೆಮನೆಯಲ್ಲಿ ಹೇಳಬಾರದೆಂದು ಯಾರೂ ಕಲಿಸದೆಯೇ ಕಲಿತೆ. ಹೊಟ್ಟೆ ತುಂಬಿದ್ದರೂ ಅಮ್ಮನ ಮುಂದೆ ಅನ್ನ ಕಲಸುತ್ತ ಕೂರುತ್ತಿದ್ದೆ. ಇವತ್ತಿಗೂ ಯಾರ ಮನೆಗೆ ಹೋದರೂ ಅವರ ಮುಖ ನೋಡಿಯೇ ಎಷ್ಟು ತಿನ್ನಬೇಕೆಂದು ಲೆಕ್ಕ ಹಾಕುವ ಚಾಳಿ ನನಗೆ ಬಂದದ್ದು ಅಲ್ಲಿಂದ. ಇನ್ನೊಂದೂ ಬಂತು: ಮನಸ್ಸಿನಲ್ಲಿದ್ದದ್ದನ್ನು ಆಡಿಬಿಡುವುದು. ಆಫೀಸಿನಲ್ಲಿ ನನ್ನನ್ನು ಬಾಯಿಬಡುಕಿ ಅಂತಾರೆ. ಅನ್ನಲಿ. ಬಾಯಿ ಮುಚ್ಚಿಕೊಂಡ ಮನೆ ಹೇಗಿರುತ್ತದೆಂದು ಅವರು ಕಂಡಿಲ್ಲ.

ವರ್ಷಗಳು ಕಳೆದಂತೆ ಹೊಲಗಳಿಗೆ ಕಲ್ಲು ನೆಟ್ಟು ಸೈಟು ಮಾಡಿದರು. ಕೆರೆಯ ಕೆಳಗಿನ ಮಡಿಗಳಿಗೆ ಬಚ್ಚಲ ನೀರು ನುಗ್ಗಿ ಸೊಪ್ಪು ಬೆಳೆಯುವುದು ನಿಂತಿತು. ದೊಡ್ಡಪ್ಪ, ಅಪ್ಪ ಸೇರಿ ಹಿತ್ತಲಿನಾಚೆ ಸಾಲಾಗಿ ಬಾಡಿಗೆ ಮನೆಗಳನ್ನು ಕಟ್ಟಿಸಿದರು. ಹುಬ್ಬಳ್ಳಿ, ದಾವಣಗೆರೆ ಕಡೆಯ ಸಂಸಾರಗಳು ಬಂದವು. ಹೊಸದಾಗಿ ಬಂದ ಒಬ್ಬಾಕೆ ಟ್ಯಾಂಕರಿನ ನೀರು ಹಿಡಿಯುವಾಗ ಅಮ್ಮನನ್ನು ಕೇಳಿದಳು:

“ಆ ಕಡೆ ಒಲಿ ಹಚ್ತಾರಲ್ರಿ ಅಕ್ಕಾರ, ಅವರು ನಿಮ್ಮ ಪೈಕಿಯವರೇನ್ರಿ?”

ಅಮ್ಮ ಕೊಡ ಎತ್ತಿಕೊಳ್ಳುತ್ತ, ಪಕ್ಕದ ಮನೆಯವರು ಎಂದು ಹೇಳಿದಳು. ದೊಡ್ಡಮ್ಮ ಅಲ್ಲೇ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಅವಳ ಕೈ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ. ಅಮ್ಮನೂ ನೋಡಿದಳೆಂದು ಈಗ ಅನ್ನಿಸುತ್ತದೆ, ಯಾಕೆಂದರೆ ಅವತ್ತೆಲ್ಲ ಅವಳು ನನ್ನ ಮೇಲೆ ಸುಮ್ಮಸುಮ್ಮನೆ ರೇಗಿದಳು.

ನಾನು ಹೈಸ್ಕೂಲಿನಲ್ಲಿದ್ದಾಗ, ಅವರೆಕಾಯಿ ಸುಲಿಯುತ್ತ ಕೂತಿದ್ದ ಒಂದು ಮಧ್ಯಾಹ್ನ, ದೊಡ್ಡಮ್ಮನನ್ನು ನೇರವಾಗಿ ಕೇಳಿಯೇಬಿಟ್ಟೆ. ಪದ್ಧತಿಯ ಕಥೆ ನನಗೆ ಗೊತ್ತಾದದ್ದು ಆಗಲೇ.

“ನಾನು ಕೊಡಾಕೇ ಕುಂತಿದ್ದೆ ಕಣಮ್ಮಿ. ಅವ್ಳು ಕೇಳ್ಲೇ ಇಲ್ಲ. ಕೇಳ್ದೆ ನಾನೇ ಬೆಂಕಿ ತಗಂಡೋಗಿದ್ರೆ, ಮನೆಗೆ ಬೆಂಕಿ ಇಕ್ಕಾಕ್ ಬಂದ್ಲು ಅಂತ ಅನ್ನಲ್ವಾ ಜನ?”

ಅದೇ ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

“ಕೆಂಡಾನಾ? ಗ್ಯಾಸಿಗೆ? ನಂಗ್ಯಾರ್ ಹೇಳಿದ್ರು ಅದನ್ನ? ನಾನು ಹಾಲಿಟ್ಕೊಂಡು ಅವ್ರು ಬರ್ತಾರೆ ಬರ್ತಾರೆ ಅಂತ ನಿಂತೇ ಇದ್ದೆ. ದೊಡ್ಡೋರು ಬಂದು ಉಕ್ಕಿಸ್ಲಿ ಅಂತ.”

ಇಬ್ಬರಿಗೂ ಇನ್ನೊಬ್ಬರ ಕಥೆ ತಿಳಿದರೆ ಸಾಕು, ಬಾಗಿಲ ಬಳಿಯ ಚೀಲ ಸರಿಯುತ್ತದೆ ಎಂದು ನಾನು ನಂಬಿದ್ದೆ. ಆ ವಯಸ್ಸಿನಲ್ಲಿ ಹಾಗೇ ಅಲ್ಲವೇ, ವಿಷಯ ಗೊತ್ತಾದರೆ ಜನ ಸರಿಹೋಗುತ್ತಾರೆ ಎಂದುಕೊಳ್ಳುತ್ತೇವೆ. ಅಮ್ಮನ ಮಾತನ್ನು ದೊಡ್ಡಮ್ಮನಿಗೆ ಹೇಳಿದಾಗ ಅವಳು, ಹಂಗಿದ್ದರೆ ಅವಳೇ ಬಂದು ಹೇಳಲಿ ಎಂದಳು. ಅಮ್ಮ, ಅವರು ಒಂದು ಸಲ ಹೆಸರು ಹಿಡಿದು ಕರೆದರೆ ಸಾಕು, ಹೋಗುತ್ತೇನೆ ಎಂದಳು. ಇಬ್ಬರ ಕೋಪವೂ ಆಗಲೇ ಹೋಗಿಬಿಟ್ಟಿತ್ತು. ಯಾರು ಮೊದಲು ಎಂಬುದೊಂದೇ ಉಳಿದಿತ್ತು, ಅದಕ್ಕೆ ಔಷಧಿ ನನ್ನ ಹತ್ತಿರ ಇರಲಿಲ್ಲ.

ನಾನು ಓದು ಮುಗಿಸಿ ಇಂದಿರಾನಗರದ ಒಂದು ಆಫೀಸಿಗೆ ಹೋಗಲು ಶುರುಮಾಡಿದ ಕಾಲಕ್ಕೆ ಊರಿಗೆಲ್ಲ ಚಿಕೂನ್‌ಗುನ್ಯಾ ಜ್ವರ ಬಂತು. ದೊಡ್ಡಮ್ಮ ಮಲಗಿಬಿಟ್ಟಳು, ಕೈಕಾಲಿನ ಕೀಲೆಲ್ಲ ಹಿಡಿದುಕೊಂಡು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರಲು ಆಗಲಿಲ್ಲ. ದೊಡ್ಡಪ್ಪನಿಗೆ ನೀರು ಕಾಯಿಸುವುದೂ ಬರುತ್ತಿರಲಿಲ್ಲ. ಅಮ್ಮ ಯಾರನ್ನೂ ಕೇಳದೆ ಗಂಜಿ, ಬೇಳೆಕಟ್ಟಿನ ಸಾರು ಮಾಡಿ ನನ್ನ ಕೈಯಲ್ಲಿ ಕಳಿಸತೊಡಗಿದಳು. ಮೊದಲ ದಿನ ನನಗೆ ಭಯ, ಇದೂ ಹಸುವಿಗೇ ಹೋದರೆ ಏನು ಗತಿ ಎಂದು. ದೊಡ್ಡಮ್ಮ ಗೋಡೆಗೆ ಒರಗಿ ಕೂತು ಪೂರ್ತಿ ಉಂಡಳು. ಲೋಟ ಕೆಳಗಿಡುತ್ತ ಹೇಳಿದಳು:

“ಉಪ್ಪು ಸಾಲ್ದು ಅಂತ ಹೇಳು ನಿಮ್ಮಮ್ಮಂಗೆ.”

ಅಮ್ಮನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಅವಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಮಾರನೇ ದಿನ ಉಪ್ಪು ಸರಿಯಾಗಿತ್ತು. ಆಮೇಲೆ ದೊಡ್ಡಮ್ಮ ಹುಳಿ ಮುಂದಾಯಿತೆಂದು ಹೇಳಿಕಳಿಸಿದಳು, ನುಗ್ಗೆಸೊಪ್ಪು ಹಾಕಿ ಮಾಡು ಎಂದಳು. ಇಷ್ಟು ವರ್ಷ ಇಲ್ಲದ ಮಾತು ಸಾರಿನ ಪಾತ್ರೆಯಲ್ಲಿ ಹೋಗಿ ಬರುತ್ತಿತ್ತು, ನಡುವೆ ನಾನು ಕುಣಿಯುತ್ತ ಓಡಾಡುತ್ತಿದ್ದೆ. ಯುಗಾದಿ ಹತ್ತಿರವಿತ್ತು. ಹಬ್ಬದ ದಿನ ಹೋಳಿಗೆಯನ್ನು ತಾನೇ ತೆಗೆದುಕೊಂಡು ಹೋಗುವುದಾಗಿ ಅಮ್ಮ ನನ್ನ ಮುಂದೆ ಹೇಳಿದಳು. ಯಾಕೆ ಇವತ್ತೇ ಹೋಗಬಾರದು ಎಂದೆ. ಬರಿಗೈಲಿ ಹೋಗೋದು ಚೆನ್ನಾಗಿರಲ್ಲ, ಹಬ್ಬ ಬರಲಿ ಎಂದಳು.

ದೊಡ್ಡಮ್ಮ ಹಬ್ಬಕ್ಕೆ ಉಳಿಯಲಿಲ್ಲ. ಜ್ವರ ಬಿಟ್ಟು ಓಡಾಡುವಂತಾಗಿದ್ದಳು. ಬೆಳಿಗ್ಗೆ ಹಸುವಿನ ಹಾಲು ಕರೆದಿಟ್ಟು, ಎದೆ ಹಿಡಿದಂತಾಗುತ್ತಿದೆ ಎಂದು ಪಡಸಾಲೆಯಲ್ಲಿ ಮಲಗಿದವಳು ಏಳಲಿಲ್ಲ. ದೊಡ್ಡಪ್ಪ ಕೂಗಿಕೊಂಡದ್ದು ಕೇಳಿ ನಾವೆಲ್ಲ ಓಡಿದೆವು. ಅಮ್ಮ ಅವಳ ಕಾಲ ಬಳಿ ನಿಂತು ನೋಡಿ ವಾಪಸ್ಸು ಹೋದಳು. ಅವಳಿಗೆ ಅಳು ಬರುತ್ತಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು. ಜನ ಸೇರತೊಡಗಿದರು, ಹೊಸಕೋಟೆಯಿಂದ ಮಗಳು ಬರಬೇಕಿತ್ತು. ನಾನು ಹಿತ್ತಲು ಸುತ್ತಿ ಬಂದು ನೋಡಿದರೆ ಅಮ್ಮ ನಮ್ಮಲ್ಲಿದ್ದ ಅತಿ ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು, ಅಕ್ಕಿ ತೊಳೆದು ಸುರಿದು, ಬೇಳೆಗೆ ನೀರು ಹಾಕುತ್ತಿದ್ದಳು. ಸಾವಿನ ಮನೆಗೆ ಪಕ್ಕದ ಮನೆಯವರು ಅಡುಗೆ ಮಾಡಿ ಕೊಡುವುದು ಊರಿನ ರೂಢಿ. ದೊಡ್ಡಮ್ಮನಿಗಾಗಿ ತಾನು ಮಾಡಬಹುದಾದದ್ದು ಇನ್ನು ಅದೊಂದೇ ಎಂದು ಅವಳು ಅಂದುಕೊಂಡಿದ್ದಳು.

ಆಗ ಸೊಣ್ಣಮ್ಮಜ್ಜಿ ಒಳಗೆ ಬಂದಳು. ಊರಿನಲ್ಲಿ ಹೆರಿಗೆಯಿಂದ ಹಿಡಿದು ಸಾವಿನವರೆಗೆ ಏನೇನು ಹೇಗೆ ನಡೆಯಬೇಕೆಂದು ಹೇಳುವವಳು ಅವಳು, ಅಪ್ಪನ ಸೋದರತ್ತೆಯ ವರಸೆ. ಕುದಿಯುತ್ತಿದ್ದ ಅನ್ನ ನೋಡಿ ಬಾಗಿಲಲ್ಲೇ ನಿಂತಳು.

“ಏನ್ ಮಾಡ್ತಿದೀಯ ಸರೋಜ? ಒಲೆ ಆರ್ಸು ಮೊದ್ಲು. ಸಾವಿನ ಮನೇಲಿ ಒಲೆ ಹಚ್ತಾರಾ?”

“ಸಾವಾಗಿರೋದು ಅಕ್ಕನ ಮನೇಲಿ ಅಜ್ಜಿ. ನಮ್ದು ಬೇರೆ ಒಲೆ. ಬಂದೋರಿಗೆ ಊಟಕ್ಕೆ ಆಗ್ಲಿ ಅಂತ.”

“ಒಲೆ ಬ್ಯಾರೆ ಆದ್ರೆ ಸೂತಕ ಬ್ಯಾರೆ ಆಯ್ತದಾ? ನೀನ್ ಈ ಮನೆ ಸೊಸೆ. ಅವ್ಳಿಗೆ ತಂಗಿ. ಅನ್ನ ಬ್ಯಾರೆಯೋರು ತತ್ತಾರೆ, ನೀನು ಹೋಗಿ ತಲೆ ತಾವ ಕುಂತ್ಕೊ. ಒಂದೇ ಮನೆ ಕಣೆ ಇದು.”

ಅಮ್ಮ ಗ್ಯಾಸಿನ ತಿರುಪು ತಿರುಗಿಸಿದಳು. ಅರೆಬೆಂದ ಅನ್ನದ ಕುದಿ ನಿಂತಿತು. ಅವಳು ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಕಟ್ಟೆಗೆ ಒರಗಿ ನೆಲದ ಮೇಲೆ ಕೂತಳು. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

“ಇವತ್ ಹೇಳ್ತಿದೀಯಲ್ಲ ಅಜ್ಜಿ, ಒಂದೇ ಮನೆ ಅಂತ. ಅಕ್ಕ ಇದ್ದಾಗ ನಿಮ್ಮಲ್ಲಿ ಒಬ್ರಾದ್ರೂ ಬಂದು ಹೇಳ್ಬಾರ್ದಿತ್ತಾ?”

ಹಿತ್ತಲ ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದರು, ಮಾತು ಅವರ ಕಿವಿಗೂ ಬಿದ್ದಿತ್ತು. ಅವರು ತಲೆ ತಗ್ಗಿಸಿಕೊಂಡು ಹೊರಗೆ ಹೋದರು.